ಓಲೆಗರಿಯ ಮೇಲಿನ ಬೆಳಕು: ಮಂದಗೊಳಿಸಬಲ್ಲ ಎಲ್.ಇ.ಡಿ. ದೀಪಗಳ ಲೆಕ್ಕ

ತಾಳೆಯೋಲೆಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ರಕ್ಷಾಪ್ರಾರ್ಥನೆಗಳಲ್ಲಿ ಎಣ್ಣೆ, ನೀರು, ಸಡಿಲವಾದ ಕಟ್ಟು, ಅರಿಯದವರ ಕೈ ಇವುಗಳ ಭಯ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಬೆಳಕಿನ ಭಯ ಅಲ್ಲಿಲ್ಲ. ಹಲಗೆಗಳ ನಡುವೆ ಬಿಗಿದು ವಸ್ತ್ರದಲ್ಲಿ ಸುತ್ತಿಟ್ಟ ಕಟ್ಟಿಗೆ ಬೆಳಕು ತಗಲುತ್ತಿದ್ದುದು ಪಠನದ ವೇಳೆಯಲ್ಲಿ ಮತ್ತು ಶ್ರುತಪಂಚಮಿಯಂತಹ ದಿನಗಳಲ್ಲಿ ಮಾತ್ರ. ಇಂದು ಓಲೆಗಳು ಗಾಜಿನ ಪೆಟ್ಟಿಗೆಯಲ್ಲಿ ದಿನವಿಡೀ ದೀಪದ ಕೆಳಗಿರುವುದುಂಟು. ಆದುದರಿಂದ ಬೆಳಕನ್ನು ಅಳೆದು ಕೊಡುವ ಕ್ರಮವನ್ನು ಇಲ್ಲಿ ವಿವರಿಸಲಾಗುವುದು.

ಶ್ರವಣಬೆಳಗೊಳದ ಪೂರ್ವ ಮತ್ತು ದಕ್ಷಿಣಕ್ಕಿರುವ ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ಈ ವಿಚಾರಕ್ಕೆ ಬೇಕಾದ ನಿದರ್ಶನಗಳೆಲ್ಲ ದೊರೆಯುತ್ತವೆ. ಕಂಬದಹಳ್ಳಿಯ ಪಂಚಕೂಟ ಬಸದಿ, ಹೊಸಹೊಳಲಿನ ಪಾರ್ಶ್ವನಾಥ ಬಸದಿ ಇವು ಬೆಳಕನ್ನು ಹೀರಿಕೊಳ್ಳುವ ಕಲ್ಲಿನ ಮಂಟಪಗಳು. ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ಹಸ್ತಪ್ರತಿ ಭಂಡಾರವೇ ಇದೆ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಲಾದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳನ್ನು ಬಿಸಿಲಿನಿಂದ ಕಾಯಲು ಮೊಗಸಾಲೆಯ ಸುತ್ತ ಪರದೆಗಳನ್ನು ಇಳಿಬಿಟ್ಟಿರುವುದನ್ನು ನೋಡಿದವರು ಬಹಳ ಮಂದಿ. ಒಳಗೆ ಕತ್ತಲೆ ಎಂದು ಗೊಣಗುವವರೂ ಇದ್ದಾರೆ. ಚಿತ್ರಗಳನ್ನು ಉಳಿಸುವ ಉಪಾಯ ಆ ಕತ್ತಲೆಯೇ.

ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ಹಸ್ತಪ್ರತಿಗಳಿಗೆ 50 ಲಕ್ಸ್ ಮೀರಬಾರದು, ವರ್ಷದ ಒಟ್ಟು ಬೆಳಕು 1,50,000 ಲಕ್ಸ್-ಗಂಟೆಯೊಳಗಿರಬೇಕು ಎಂಬುದು ಅಂತರರಾಷ್ಟ್ರೀಯ ದೀಪ್ತಿ ಆಯೋಗವು 2004ರಲ್ಲಿ ಪ್ರಕಟಿಸಿದ 157ನೆಯ ವರದಿಯ ಮಾನ. ಬೇಗ ಮಾಸುವ ಬಣ್ಣಗಳಿಗೆ ವರ್ಷಕ್ಕೆ 15,000 ಮಾತ್ರ. ಮೂಡಬಿದಿರೆಯ ಧವಲಾ ಪ್ರತಿಗಳಂತೆ ವರ್ಣಚಿತ್ರಗಳುಳ್ಳ ಓಲೆಗಳಿಗೆ, ಬಣ್ಣ ಯಾವುದೆಂದು ಪರೀಕ್ಷಿಸಿ ತಿಳಿಯುವವರೆಗೆ, ಈ ಎರಡನೆಯ ಮಿತಿಯನ್ನೇ ಪಾಲಿಸುವುದು ಲೇಸು. ಕಂಟದಿಂದ ಕೊರೆದು ಕಾಡಿಗೆ ತೀಡಿದ ಅಕ್ಷರಗಳ ಸಂಗತಿ ಬೇರೆ. ಕಾಡಿಗೆ ಇಂಗಾಲದ ಪುಡಿಯಾದುದರಿಂದ ಬೆಳಕಿಗೆ ಮಾಸದು. ಮಾಸುವುದು, ಅಂದರೆ ಕಂದಿ ಪೆಡಸಾಗುವುದು, ಓಲೆಯ ನಾರು. ಓಲೆ ಕಪ್ಪಾದಂತೆ ಅಕ್ಷರ ಅದರಲ್ಲಿ ಮುಳುಗುತ್ತದೆ.

ನಡು ಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಜ್ಯೇಷ್ಠ ಶುದ್ಧ ಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ ಒಂದು ಗಂಟೆ ಅಂಗಳದಲ್ಲಿ ಹರಡಿದರೆ, 50 ಲಕ್ಸಿನ ದೀಪದ ಕೆಳಗೆ 2,000 ಗಂಟೆ, ಎಂದರೆ ದಿನಕ್ಕೆ ಎಂಟು ಗಂಟೆಯಂತೆ 250 ದಿನ, ಇಟ್ಟಷ್ಟು ಬೆಳಕು ಬಿದ್ದಂತಾಯಿತು. ಪೂಜೆ ನಡೆಯಲಿ, ಧೂಳು ಕೊಡಹಿ ಹೊಸ ವಸ್ತ್ರ ಸುತ್ತುವ ಪದ್ಧತಿಯೂ ನಡೆಯಲಿ, ಆದರೆ ನೆರಳಿನಲ್ಲಿ.

ಇನ್ನು ಕೋಣೆಯ ಲೆಕ್ಕ. ಬೇಕಾದ ಲಕ್ಸನ್ನು ನೆಲದ ವಿಸ್ತೀರ್ಣದಿಂದ ಗುಣಿಸಿ, ಅದನ್ನು ಎರಡು ಅಂಶಗಳ ಗುಣಲಬ್ಧದಿಂದ ಭಾಗಿಸಿದರೆ ದೀಪಗಳು ಕೊಡಬೇಕಾದ ಒಟ್ಟು ಲ್ಯೂಮೆನ್ ದೊರೆಯುತ್ತದೆ. ಮೊದಲನೆಯದು ಉಪಯೋಗಾಂಶ, ಎಂದರೆ ದೀಪದಿಂದ ಹೊರಟ ಬೆಳಕಿನಲ್ಲಿ ಮೇಜಿನ ಮಟ್ಟಕ್ಕೆ ತಲುಪುವ ಪಾಲು. ಎರಡನೆಯದು ಧೂಳು ಮತ್ತು ಹಳಮೆಯಿಂದಾಗುವ ಇಳಿತಕ್ಕೆ ಬಿಡುವ ನಿರ್ವಹಣಾಂಶ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಸುಣ್ಣ ಬಳಿದ ಓದುಕೋಣೆಗೆ ಇವು 0.5 ಮತ್ತು 0.8 ಎನ್ನೋಣ. 100 ಲಕ್ಸಿಗೆ 2,400 ಭಾಗಿಸು 0.4, ಎಂದರೆ 6,000 ಲ್ಯೂಮೆನ್ ಬೇಕು. ವ್ಯಾಟಿಗೆ 100 ಲ್ಯೂಮೆನ್ ಕೊಡುವ ಹತ್ತು ವ್ಯಾಟಿನ ಆರು ದೀಪಗಳು ಸಾಕು. ಅದೇ ಅಳತೆಯ ಕಲ್ಲಿನ ಮಂಟಪದಲ್ಲಿ ಉಪಯೋಗಾಂಶ 0.25ಕ್ಕೆ ಇಳಿದರೆ ದೀಪಗಳು ಇಮ್ಮಡಿಯಾಗಬೇಕು. ಇದನ್ನು ಮರೆತು ಸುಣ್ಣದ ಗೋಡೆಯ ಲೆಕ್ಕವನ್ನೇ ಬಸದಿಗೆ ಹಚ್ಚಬಾರದು.

ಮಂದಗೊಳಿಸುವ ಗುಂಡಿಯನ್ನು ತಿರುಗಿಸಿದಾಗ ಕಣ್ಣು ಮೋಸಹೋಗುತ್ತದೆ. ಕಣ್ಣಿಗೆ ತೋರುವ ಬೆಳಕು ಅಳತೆಯ ಬೆಳಕಿನ ವರ್ಗಮೂಲವನ್ನು ಸರಿಸುಮಾರಾಗಿ ಅನುಸರಿಸುತ್ತದೆ. ನೂರರಲ್ಲಿ 25ಕ್ಕೆ ಇಳಿಸಿದ ದೀಪ ಅರ್ಧದಷ್ಟಿದೆಯೆಂದು ತೋರುವುದು. 10ಕ್ಕೆ ಇಳಿಸಿದುದು ಮೂರನೆಯ ಒಂದು ಭಾಗದಷ್ಟು. ಕಣ್ಣಂದಾಜಿನಲ್ಲಿ ಅರ್ಧ ಎಂದು ಬಗೆದವನ ಲೆಕ್ಕ ಹೀಗೆ ತಪ್ಪುತ್ತದೆ. ಗುಂಡಿಯ ಮೇಲಿನ ಅಂಕಿಗಳೂ ಎಲ್ಲ ಉಪಕರಣಗಳಲ್ಲಿ ಲಕ್ಸಿಗೆ ಅನುಪಾತದಲ್ಲಿರುವುದಿಲ್ಲ. ಲಕ್ಸ್ ಮಾಪಕವನ್ನು ಓಲೆ ಇರುವ ಜಾಗದಲ್ಲಿಯೇ, ಓಲೆಯ ಓರೆಯಲ್ಲಿಯೇ ಇಟ್ಟು ನೋಡಿ ಗುಂಡಿಗೆ ಗುರುತು ಹಾಕಬೇಕು.

ಹಸ್ತಪ್ರತಿ ಓದುವವರಿಗೆ ಹೆಚ್ಚು ಮುಖ್ಯವಾದುದು ಬೆಳಕಿನ ದಿಕ್ಕು. ಕಾಡಿಗೆ ಉದುರಿದ ಓಲೆಯಲ್ಲಿ ಉಳಿಯುವುದು ಬರಿಯ ಗೀರು. ತಲೆಯ ಮೇಲಿನಿಂದ ಸಮವಾಗಿ ಬೀಳುವ ಬೆಳಕು ಎಷ್ಟೇ ಪ್ರಖರವಾಗಿದ್ದರೂ ಗೀರಿಗೆ ನೆರಳು ಹುಟ್ಟದು. ಆಗ ‘ದ’ಕಾರ ‘ಧ’ಕಾರಗಳನ್ನು ಬೇರ್ಪಡಿಸುವ ಸೀಳು ಲಿಪಿಕಾರನದೋ ಓಲೆಯ ಬಿರುಕೋ, ಸೊನ್ನೆ ಬರೆದುದೋ ಹುಳು ಕೊರೆದುದೋ ಎಂಬುದು ತಿಳಿಯುವುದಿಲ್ಲ. ಇಂತಹ ಎಡೆಯಲ್ಲಿ ಸಂಪಾದಕನ ಊಹೆ ಪಾಠಾಂತರವೆಂಬ ಹೆಸರಿನಿಂದ ಅಚ್ಚಾಗಿಬಿಡುವ ಸಂಭವವಿದೆ. ದೀಪವನ್ನು ಓಲೆಯ ಮಟ್ಟಕ್ಕೆ ಇಳಿಸಿ ಓರೆಯಾಗಿ ಬೆಳಗಿದರೆ ಗೀರಿನ ಒಂದು ಅಂಚು ಹೊಳೆದು ಇನ್ನೊಂದು ಕಪ್ಪಾಗುತ್ತದೆ.

ಇದರ ಲೆಕ್ಕವೂ ಸುಲಭವೇ. ದೀಪದ ತೀವ್ರತೆಯನ್ನು ದೂರದ ವರ್ಗದಿಂದ ಭಾಗಿಸಿ, ಲಂಬದೊಡನೆ ಕಿರಣ ಮಾಡುವ ಕೋನದ ಕೊಸೈನಿನಿಂದ ಗುಣಿಸಬೇಕು. 100 ಕ್ಯಾಂಡೆಲಾದ ದೀಪ ಅರ್ಧ ಮೀಟರ್ ದೂರದಲ್ಲಿದ್ದರೆ ನೇರವಾಗಿ 400 ಲಕ್ಸ್; 75 ಡಿಗ್ರಿ ಓರೆಯಲ್ಲಿ ಸುಮಾರು 104. ಗುಂಡಿಯಿಂದ ಅರ್ಧಕ್ಕೆ ಇಳಿಸಿದರೆ 52. ಮಿತಿಗೆ ಸನಿಹದ ಈ ಅಲ್ಪ ಬೆಳಕಿನಲ್ಲಿ, ಮೇಲಿನ 400 ಲಕ್ಸಿನಲ್ಲಿ ಕಾಣದ ಗೀರು ಕಾಣಿಸಿಕೊಳ್ಳಬಲ್ಲದು. ಓಲೆಯ ನಾರು ಉದ್ದಕ್ಕೆ ಹರಿದಿರುವುದರಿಂದ ದೀಪವನ್ನು ಅದರ ತುದಿಯ ಕಡೆ ಇಡುವುದು ಒಳ್ಳೆಯದು. ನಾರಿನ ಗೆರೆಗಳಿಗೆ ಆಗ ನೆರಳಿರದು. ಆದರೆ ತಲೆಕಟ್ಟಿನ ಅಡ್ಡಗೆರೆಗಳೂ ಅಡಗುವುದರಿಂದ ದೀಪವನ್ನು ಆಮೇಲೆ ಮೂಲೆಗೆ ಸರಿಸಿ ಮತ್ತೊಮ್ಮೆ ಓದಬೇಕು.

ಹಣತೆಯ ಒಂದು ಕುಡಿಯ ತೀವ್ರತೆ ಒಂದು ಕ್ಯಾಂಡೆಲಾ ಎಂದು ಹಿಡಿದರೆ, ಹದಿನಾಲ್ಕು ಸೆಂಟಿಮೀಟರ್ ದೂರದಲ್ಲಿ ಅದು ಕೊಡುವುದು 51 ಲಕ್ಸ್. ಹಣತೆಯನ್ನು ಪಕ್ಕದಲ್ಲಿರಿಸಿ ಓದಿದ ಹಿಂದಿನವರಿಗೆ ಪ್ರಮಾಣವೂ ಓರೆಯೂ ತಾವಾಗಿಯೇ ಒದಗಿದ್ದವು; ಎಣ್ಣೆಯ ಭಯವೂ ಅಲ್ಲಿಂದಲೇ ಬಂದಿರಬೇಕು. ತೇಜಸ್ಕಾಯಿಕ ಜೀವಗಳ ಹಿಂಸೆಯನ್ನು ವರ್ಜಿಸಿದ ಮುನಿಗಳ ಅಧ್ಯಯನ ಹಗಲಿನದು. ಅವರ ಓಲೆಗಳಿಗೆ ಕಿಟಕಿಯ ಬೆಳಕಿನ ಅಳತೆ ಬೇಕು.

ದೀಪ ಕೊಳ್ಳುವಾಗ 2,700ರಿಂದ 3,000 ಕೆಲ್ವಿನ್ ವರ್ಣದ, ವರ್ಣನಿಷ್ಠೆ 90ಕ್ಕೆ ಮೇಲ್ಪಟ್ಟುದನ್ನು ಆರಿಸಬೇಕು. ಎಲ್.ಇ.ಡಿ.ಯಲ್ಲಿ ಅತಿನೇರಳೆ ಕಿರಣ ನಗಣ್ಯವೆಂಬುದು ನಿಜ, ಆದರೆ ಕಾಣುವ ಬೆಳಕೂ ಹಾನಿಕರವೇ. ಹಳೆಯ ಬಲ್ಬಿನ ಗುಂಡಿಗೆ ಹೊಂದದ ದೀಪ ಮಿಣುಕುತ್ತದೆ. ಬೇಗ ಬೇಗ ಆರಿಸಿ ಹಚ್ಚಿ ಮಂದಗೊಳಿಸುವ ಅಗ್ಗದ ಉಪಕರಣದ ಮಿಣುಕು ಕಣ್ಣಿಗೆ ತೋರದಿದ್ದರೂ ಓಲೆಯ ಛಾಯಾಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮೂಡುವುದುಂಟು.

ಪ್ರತಿಯ ಸೂಚಿಪತ್ರದಲ್ಲಿ ಗರಿಗಳ ಸಂಖ್ಯೆ, ಅಳತೆ, ಸ್ಥಿತಿಗಳ ಜೊತೆಗೆ ಇನ್ನೊಂದು ಅಂಕಣ ಸೇರಿಸಬಹುದು: ಯಾವ ಗರಿ, ಯಾವ ದಿನ, ಎಷ್ಟು ಲಕ್ಸಿನಲ್ಲಿ, ಎಷ್ಟು ಗಂಟೆ ಹೊರಗಿತ್ತು. ಪ್ರದರ್ಶನದಲ್ಲಿರುವ ಗರಿ ತನ್ನ ವರ್ಷದ ಪಾಲನ್ನು ಮುಗಿಸಿದೊಡನೆ ಅದೇ ಕಟ್ಟಿನ ಬೇರೊಂದು ಗರಿಯನ್ನು ಅಲ್ಲಿರಿಸಬಹುದು.