ಬೆಚ್ಚಗಾದರೆ ಏಳುವ ಪೆಟ್ಟಿಗೆ

ಶುಕ್ರವಾರ ಬೆಳಿಗ್ಗೆ ಅಲ್ ಹಿಲಾಲ್‌ನ ಒಳರಸ್ತೆಗಳಲ್ಲಿ ಮನುಷ್ಯರ ದನಿಗಿಂತ ಮೊದಲು ಕಿವಿಗೆ ಬೀಳುವುದು ಎಸಿಗಳ ಗುಂಯ್ ಸದ್ದು. ಕೆನೆಬಣ್ಣದ ಕಾಂಪೌಂಡು ಗೋಡೆಗಳ ಹಿಂದೆ ಮನೆಗಳಿನ್ನೂ ಮಲಗಿವೆ. ಗೇಟಿನ ಹೊರಗೆ ಬಕೆಟ್ಟು ಇಟ್ಟುಕೊಂಡ ಹುಡುಗನೊಬ್ಬ ರಾತ್ರಿ ಕಾರುಗಳ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಲ್ಲಿ ಎಳೆದೆಳೆದು ಒರೆಸುತ್ತಿದ್ದಾನೆ. ದೋಹಾದ ಸಿ ರಿಂಗ್ ಮತ್ತು ಡಿ ರಿಂಗ್ ರಸ್ತೆಗಳ ನಡುವಿನ ಈ ಬಡಾವಣೆಯ ಹೆಸರಿಗೆ ಅರಬ್ಬಿಯಲ್ಲಿ ಎಳೆಯ ಚಂದ್ರ ಎಂದರ್ಥ. ಆಗಸ್ಟ್ ತಿಂಗಳ ಕೊನೆಯಲ್ಲಿ ಆ ತಂಪು ಹೆಸರಿನಲ್ಲಷ್ಟೇ ಉಳಿದಿರುತ್ತದೆ. ಎಂಟು ಗಂಟೆಗೇ ಗೇಟಿನ ಕಬ್ಬಿಣ ಮುಟ್ಟಲಾಗುವುದಿಲ್ಲ.

ಮೆಟ್ಟಿಲು ಹತ್ತಿ ಎರಡನೆಯ ಮಹಡಿಗೆ ಬಂದರೆ ಊರಿನ ವಾಸನೆ. ರಜೆ ಮುಗಿಸಿ ಉಡುಪಿಯಿಂದ ಮರಳಿದ ಮನೆಯವರ ರಟ್ಟಿನ ಪೆಟ್ಟಿಗೆಗಳು ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ. ಒಳಗೆ ಕಾವಲಿಯ ಮೇಲೆ ನೀರುದೋಸೆ ಚುಂಯ್ ಎನ್ನುತ್ತಿದೆ. ಹಜಾರದ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಕಂಪ್ಯೂಟರನ್ನು ಮಗ್ಗುಲಾಗಿ ಮಲಗಿಸಿದ್ದಾರೆ. ನಲವತ್ತು ದಿನ ಬೀಗ ಹಾಕಿದ ಮನೆಯಲ್ಲಿ ಸುಮ್ಮನಿದ್ದ ಅದು ಈಗ ಏಳಲು ಒಪ್ಪುತ್ತಿಲ್ಲ. ಗುಂಡಿ ಒತ್ತಿದರೆ ಫ್ಯಾನು ಅರ್ಧ ಸುತ್ತು ಹೊರಳಿ, ಮತ್ತೆ ತಣ್ಣಗೆ ನಿಂತುಬಿಡುತ್ತದೆ.

ರಿಪೇರಿಗೆ ಬಂದವರು ವಿಟ್ಲದ ಕಡೆಯವರು. ವಾರವಿಡೀ ಲಿಫ್ಟುಗಳ ಕೆಲಸ, ಶುಕ್ರವಾರ ಮಾತ್ರ ಗೆಳೆಯರ ಮನೆಗಳ ಇಂಥ ಹಟಮಾರಿ ಪೆಟ್ಟಿಗೆಗಳ ಕೆಲಸ. ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುವ ಮೊದಲೇ ಗೋಡೆಗೆ ಒರಗಿ ಕೂತು ಕೇಳಿದರು: "ಇದು ಯಾವ ಹೊತ್ತಿಗೆ ಏಳ್ತದೆ ಹೇಳು, ನೋಡುವ?"

"ಬೆಳಿಗ್ಗೆ ಏಳುವುದೇ ಇಲ್ಲ ಅಣ್ಣ. ಮಧ್ಯಾಹ್ನದ ಮೇಲೆ ಐದಾರು ಸಲ ಒತ್ತಿದ್ರೆ ಒಮ್ಮೆ ಏಳ್ತದೆ. ಸೆಕೆಗೆ ಹೀಗೆ ಆಗ್ತದೋ ಅಂತ ಎಸಿ 18ಕ್ಕೆ ಇಟ್ಟೆ. ಮತ್ತೂ ಹಾಳಾಯ್ತು ಮಾರಾಯ್ರೆ."

ಅಣ್ಣ ನಕ್ಕರು. ಏನೂ ಹೇಳಲಿಲ್ಲ.

ಊರಿನಲ್ಲಾಗಿದ್ದರೆ ಎಲ್ಲರೂ ಮೊದಲು ಬೈಯುತ್ತಿದ್ದುದು ಸಿಡಿಲನ್ನು, ಇಲ್ಲವೇ ಸಂಜೆ ಹೊತ್ತು ಮಂಕಾಗುವ ಕರೆಂಟನ್ನು. ಇಲ್ಲಿ ಆ ನೆಪವಿಲ್ಲ; ಗೋಡೆಯ ಮೂರು ಚಪ್ಪಟೆ ತೂತುಗಳಲ್ಲಿ 240 ವೋಲ್ಟ್ ಹಗಲಿರುಳು ಕಾದಿರುತ್ತದೆ. ಆದರೂ ಅವರು ಅಲ್ಲಿಂದಲೇ ಶುರುಮಾಡಿದರು. ಇಲ್ಲಿಯ ಪ್ಲಗ್ಗಿನ ಹೊಟ್ಟೆಯಲ್ಲೇ ಒಂದು ಪುಟ್ಟ ಫ್ಯೂಸು ಇರುತ್ತದೆ. ಅದನ್ನು ತೆಗೆದು ಮೀಟರಿಗೆ ಹಿಡಿದರು. ಸರಿಯಿತ್ತು. ಆಮೇಲೆ ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್‌ಗಳ ತಂತಿಗಳನ್ನು ಒಂದೊಂದಾಗಿ ಬಿಡಿಸಿದರು; ಅವುಗಳಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ, ಕಂಪ್ಯೂಟರಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಹೀಗೇ ಅರ್ಧ ಸುತ್ತಿಗೆ ನಿಲ್ಲುವುದುಂಟು. ಮತ್ತೆ ಗುಂಡಿ ಒತ್ತಿದರು. ಅದೇ ಅರ್ಧ ಸುತ್ತು.

ಹಾಗಾದರೆ ದೋಷ ಬಹುಶಃ ಎಸ್‌ಎಂಪಿಎಸ್‌ನಲ್ಲೇ. ಅದರಿಂದ ಜಡೆಯ ಹಾಗೆ ಇಳಿಬಿದ್ದ ತಂತಿಗಳನ್ನು ಅವರು ಅಂಗೈ ಮೇಲೆ ಹರಡಿ ಬಿಡಿಸಿದರು. 1995ರಲ್ಲಿ ಇಂಟೆಲ್ ಕಂಪನಿ ರೂಪಿಸಿದ ಎಟಿಎಕ್ಸ್ ಮಾದರಿಯ ಬಣ್ಣಗಳು ವಿಟ್ಲದಲ್ಲೂ ಒಂದೇ, ದೋಹಾದಲ್ಲೂ ಒಂದೇ: ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3. ಹಸಿರು ತಂತಿ ಕರೆಗಂಟೆ ಇದ್ದ ಹಾಗೆ. ಅದನ್ನು ಕಪ್ಪು ತಂತಿಗೆ ತಾಗಿಸಿದರೆ ಪೆಟ್ಟಿಗೆ ಏಳಬೇಕು. ನೇರಳೆಯದ್ದು ರಾತ್ರಿ ಪಾಳಿಯ ಕಾವಲುಗಾರ. ಕಂಪ್ಯೂಟರು ಮಲಗಿದ್ದಾಗಲೂ 5 ವೋಲ್ಟ್ ಹಿಡಿದು ಎಚ್ಚರವಿರುವುದು ಅದೊಂದೇ, ಕರೆಗಂಟೆ ಕೇಳಿಸಿಕೊಳ್ಳಬೇಕಾದದ್ದೂ ಅದರ ಬಲದಿಂದಲೇ. ಶೇಕಡಾ 5ರಷ್ಟು ಆಚೀಚೆ ಆದರೆ ನಡೆಯುತ್ತದೆ, 4.75ಕ್ಕಿಂತ ಇಳಿಯಬಾರದು. ಮೀಟರಿನ ಮೊನೆ ನೇರಳೆಗೆ ತಾಗಿತು: 4.2.

"ಒಳಗೆ ಹೇರ್ ಡ್ರೈಯರ್ ಉಂಟಾ?"

ಮನೆಯಾಕೆ ಸೌಟು ಹಿಡಿದೇ ಬಂದು ತಂದುಕೊಟ್ಟರು. ಪೆಟ್ಟಿಗೆಯ ಜಾಲರಿಗೆ ಬಿಸಿಗಾಳಿ ಬೀಸತೊಡಗಿತು. ಸುಟ್ಟ ಧೂಳಿನ ಕಮಟು ಮೂಗಿಗೆ ಅಡರುವಷ್ಟರಲ್ಲಿ ಮೀಟರಿನ ಅಂಕಿ ಮೆಲ್ಲಗೆ ಹತ್ತತೊಡಗಿತು. 4.4. 4.6. 4.8 ಆದಾಗ ಹಸಿರನ್ನು ಕಪ್ಪಿಗೆ ತಾಗಿಸಿದರು. ಫ್ಯಾನು ಗರ್‌ರ್ ಎಂದು ತಿರುಗಿತು. ಹುಡುಗಿಯೊಬ್ಬಳು ಸೋಫಾದ ಹಿಂದಿನಿಂದ ಚಪ್ಪಾಳೆ ತಟ್ಟಿದಳು.

ಆಮೇಲೆ ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಮುಟ್ಟದೆ ಎಲ್ಲರೂ ದೋಸೆಗೆ ಕೂತರು. ಅದು ಉಪಚಾರಕ್ಕಷ್ಟೇ ಅಲ್ಲ. ಇಲ್ಲಿಯ 240 ವೋಲ್ಟ್ ಒಳಗೆ ಡಿಸಿ ಆದಾಗ 340ರ ಹತ್ತಿರ ಹೋಗುತ್ತದೆ, ಕೆಲವು ಪೆಟ್ಟಿಗೆಗಳಲ್ಲಿ ಅದಕ್ಕೂ ಮೇಲೆ. ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕೆಪಾಸಿಟರ್ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಬಹುದು. ತಿಂಡಿ ಮುಗಿದ ಮೇಲೂ ಮೀಟರಿಟ್ಟು, ಸೊನ್ನೆ ನೋಡಿಯೇ ಅವರು ಒಳಗೆ ಬೆರಳಿಟ್ಟದ್ದು.

ಮುಚ್ಚಳ ತೆಗೆದರೆ ಮೈದಾದಷ್ಟು ನುಣ್ಣನೆಯ ಮರಳುಧೂಳು. ಬ್ರಷ್ಷಿನಿಂದ ಸರಿಸಿದಾಗ ಮೂಲೆಯಲ್ಲಿ ಕಿರುಬೆರಳ ತುದಿಯಷ್ಟೇ ದಪ್ಪದ ಒಂದು ಕೆಪಾಸಿಟರ್ ಕಂಡಿತು. ಚಪ್ಪಟೆಯಾಗಿರಬೇಕಾದ ನೆತ್ತಿ ಪೂರಿಯ ಹಾಗೆ ಉಬ್ಬಿತ್ತು. ಒಳಗಿನ ದ್ರವ ಆರುತ್ತಾ ಬಂದರೆ ಇದು ಕರೆಂಟನ್ನು ಸಲೀಸಾಗಿ ಬಿಡುವುದಿಲ್ಲ. ತಣ್ಣಗಾದಷ್ಟೂ ಬಿಗಿಯುತ್ತದೆ, ಬೆಚ್ಚಗಾದರೆ ತುಸು ಸಡಿಲುತ್ತದೆ. 18 ಡಿಗ್ರಿಯ ಎಸಿ ರೋಗಿಗೆ ತಣ್ಣೀರು ಎರಚಿದಂತಾಗಿತ್ತು. ಆದರೆ ರೋಗ ತಂದದ್ದು ಸೆಕೆಯೇ. ಇಂಥ ಕೆಪಾಸಿಟರಿನ ಮೈ ಪ್ರತಿ 10 ಡಿಗ್ರಿ ಹೆಚ್ಚು ಬಿಸಿಯಾದಾಗ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಧೂಳಿನ ಕಂಬಳಿ ಹೊದ್ದು ವರ್ಷಗಟ್ಟಲೆ ಒಳಗೇ ಬೆಂದದ್ದು ನಲವತ್ತು ದಿನದ ನಿದ್ದೆಯ ನಂತರ ಹೊರಬಿತ್ತು.

ಬೆಸುಗೆಯ ಕಾದ ತುದಿ ತಾಗಿದೊಡನೆ ರಾಳದ ಹೊಗೆ ಎದ್ದು ಕೋಣೆಯಲ್ಲಿ ಧೂಪ ಹಾಕಿದ ಹಾಗಾಯಿತು. ಹಳೆಯದು ಹೊರಗೆ, ಅದೇ ಅಳತೆಯ, 105 ಡಿಗ್ರಿ ಎಂದು ಮೈಮೇಲೆ ಬರೆದ ಹೊಸದು ಒಳಗೆ. ಕಪ್ಪು ಪಟ್ಟೆಯ ಋಣ ಕಾಲು ಅದರ ತೂತಿಗೇ. ಹತ್ತು ನಿಮಿಷದ ಕೆಲಸ. ಮುಚ್ಚಳ ಹಾಕಿ ಪ್ಲಗ್ಗು ಸಿಕ್ಕಿಸಿದಾಗ ನೇರಳೆ ತಂತಿ 5.05 ತೋರಿಸಿತು. ಎಸಿಯ ತಣ್ಣನೆ ಗಾಳಿ ನೇರ ಬೀಳುವಲ್ಲಿಟ್ಟು ಮೂರು ಸಲ ಒತ್ತಿದರು. ಮೂರು ಸಲವೂ ಎದ್ದಿತು.

ಹೊರಗೆ ಜುಮ್ಮಾದ ಬಾಂಗ್ ಕೇಳಿಸತೊಡಗಿತ್ತು. ಅಣ್ಣ ಉಪಕರಣಗಳನ್ನು ಚೀಲಕ್ಕೆ ತುಂಬಿ, ಉಬ್ಬಿದ ಕೆಪಾಸಿಟರನ್ನು ಹುಡುಗಿಯ ಅಂಗೈಯಲ್ಲಿಟ್ಟರು. ನಿಮ್ಮ ಮನೆಯ ಪೆಟ್ಟಿಗೆಯೂ ಹೀಗೆ ಹಟ ಹಿಡಿದರೆ ಅದನ್ನು ಬಿಚ್ಚಲು ಹೋಗಬೇಡಿ, ಒಳಗೆ ಪ್ರಾಣಕ್ಕೆ ಕುತ್ತಿದೆ. ಯಾವ ಹೊತ್ತಿಗೆ ಏಳುತ್ತದೆ, ಯಾವ ಹೊತ್ತಿಗೆ ಏಳುವುದಿಲ್ಲ ಎಂದು ನಾಲ್ಕು ದಿನ ಬರೆದಿಡಿ. ರಿಪೇರಿಗೆ ಬಂದವರಿಗೆ ಮೊದಲು ಆ ಚೀಟಿ ಕೊಡಿ.