ಅಕ್ವೇರಿಯಂ ಬೆಕ್ಕುಮೀನಿಗೆ ನೀರಿನ ಉಷ್ಣತೆ ಎಷ್ಟಿರಬೇಕು?

ತೋಟದ ಬದಿಯಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿ ಅಲಂಕಾರಿಕ ಮೀನು ಸಾಕುವುದನ್ನು ಉಪಕಸುಬಾಗಿ ಮಾಡಿಕೊಂಡಿರುವ ರೈತ ಬಾಂಧವರು ಕೋರಿಡೋರಾಸ್ ಎಂಬ ಪುಟ್ಟ ಬೆಕ್ಕುಮೀನನ್ನು ಬಲ್ಲರು. ತಳದಲ್ಲಿ ಮೀಸೆಯಾಡಿಸುತ್ತಾ ಆಹಾರ ಹುಡುಕುವ ಈ ಮೀನು ಬೇರೆ ಮೀನುಗಳೊಡನೆ ಜಗಳವಾಡುವುದಿಲ್ಲ. ಆದರೆ ಅದನ್ನು ಮಾರುವವರು "ಉಷ್ಣವಲಯದ ಮೀನು, 28 ಡಿಗ್ರಿ ಇಡಿ" ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸುವುದುಂಟು. ಭತ್ತಕ್ಕೂ ಗೋಧಿಗೂ ಒಂದೇ ಹಂಗಾಮು ಎಂದಂತಾಯಿತು ಇದು.

ಈ ಮೀನುಗಳ ತವರು ದಕ್ಷಿಣ ಅಮೆರಿಕ. ಅಲ್ಲಿ ಬಿಸಿ ಬಯಲಿನ ನದಿಗಳೂ ಇವೆ, ಚಳಿಗಾಲದಲ್ಲಿ ಚೆನ್ನಾಗಿ ತಣ್ಣಗಾಗುವ ನದಿಗಳೂ ಇವೆ. ಅರ್ಜೆಂಟೀನಾ, ಉರುಗ್ವೆ ಕಡೆಯ ಲಾ ಪ್ಲಾಟಾ ಕೊಳ್ಳದಿಂದ ಬಂದ ಚುಕ್ಕೆ ಕೋರಿ, ಅಂದರೆ ಪ್ಯಾಲಿಯೇಟಸ್, 18ರಿಂದ 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಖವಾಗಿರುತ್ತದೆ. ಪೆರು ದೇಶದ ಪಾಂಡಾ ಕೋರಿಗೆ 20ರಿಂದ 25 ಸಾಕು. ಕಂಚು ಬಣ್ಣದ ಈನಿಯಸ್‌ಗೆ 22ರಿಂದ 26. ಬ್ರೆಜಿಲ್-ಬೊಲಿವಿಯಾ ಗಡಿಯ ಗ್ವಾಪೊರೆ ನದಿಯ ಸ್ಟರ್ಬಾಯ್ ಮಾತ್ರ 24ರಿಂದ 28 ಡಿಗ್ರಿಯನ್ನು ಇಷ್ಟಪಡುತ್ತದೆ. (2024ರಲ್ಲಿ ವಿಜ್ಞಾನಿಗಳು ಈ ಗುಂಪನ್ನು ಹಲವು ಕುಲಗಳಾಗಿ ಒಡೆದು ಹೆಸರು ಬದಲಿಸಿದ್ದಾರೆ. ವ್ಯಾಪಾರದಲ್ಲಿ ಹಳೆಯ ಹೆಸರುಗಳೇ ನಡೆಯುತ್ತಿವೆ.)

ಉಷ್ಣತೆ ಏರಿದರೆ ಆಗುವ ನಷ್ಟ ಎರಡು ಬಗೆಯದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಅದೇ ಹೊತ್ತಿಗೆ ಮೀನಿನ ದೇಹದ ಕ್ರಿಯೆಗಳು ಚುರುಕಾಗಿ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಕೋರಿಡೋರಾಸ್ ಮೇಲಕ್ಕೆ ಚಿಮ್ಮಿ ಗಾಳಿ ನುಂಗಿ ಕರುಳಿನ ಮೂಲಕವೂ ಉಸಿರಾಡಬಲ್ಲದು. ಆಗೊಮ್ಮೆ ಈಗೊಮ್ಮೆ ಹೀಗೆ ಮಾಡಿದರೆ ಚಿಂತೆಯಿಲ್ಲ. ಎಲ್ಲ ಮೀನುಗಳೂ ಮೇಲಿಂದ ಮೇಲೆ ಚಿಮ್ಮುತ್ತಿದ್ದರೆ ಅದನ್ನು ಆಟವೆಂದು ನೋಡುತ್ತಾ ನಿಲ್ಲಬೇಡಿ. ಮೊದಲು ಉಷ್ಣಮಾಪಕ ನೋಡಿ, ಗಾಳಿಯ ಪಂಪು ಹಾಕಿ.

ಆದ್ದರಿಂದ ತಳಿಗೆ ತಕ್ಕಂತೆ ನೀರನ್ನು ಹೊಂದಿಸುವುದಕ್ಕಿಂತ ನಿಮ್ಮ ನೀರಿಗೆ ತಕ್ಕ ತಳಿಯನ್ನು ಆರಿಸುವುದೇ ಲಾಭಕರವೆಂದು ನನ್ನ ಅಭಿಪ್ರಾಯ. ತೊಟ್ಟಿಯ ನೀರನ್ನು ಬೆಳಿಗ್ಗೆ 6 ಗಂಟೆಗೆ ಮತ್ತು ಮಧ್ಯಾಹ್ನ 3 ಗಂಟೆಗೆ ಅಳೆದು ಬರೆದಿಡಿ. ಹಣ ಹಾಕುವ ಮೊದಲು ಒಂದು ಬೇಸಿಗೆಯ ಲೆಕ್ಕವಾದರೂ ಕೈಯಲ್ಲಿರಲಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ತೆರೆದ ತೊಟ್ಟಿಯ ನೀರು 30 ಡಿಗ್ರಿ ದಾಟುವುದು ಸಹಜ. ಅಲ್ಲಿ ಪ್ಯಾಲಿಯೇಟಸ್ ತಂದರೆ ಹಣ ನೀರಿಗೆ ಹಾಕಿದಂತೆಯೇ. ಸ್ಟರ್ಬಾಯ್ ತರಬಹುದು, ಅದಕ್ಕೂ ನೆರಳು ಬೇಕು. ಕೊಡಗು, ಚಿಕ್ಕಮಗಳೂರಿನ ಎತ್ತರದ ಪ್ರದೇಶದವರಿಗೆ ಪ್ಯಾಲಿಯೇಟಸ್ ಹೊಂದುತ್ತದೆ. ತೊಟ್ಟಿಗೆ ನೆರಳುಬಲೆ, ಸುತ್ತ ಒದ್ದೆ ಗೋಣಿ, ನೀರಿನ ಮೇಲ್ಮೈಗೆ ಬೀಸುವ ಫ್ಯಾನು, ಇಷ್ಟರಿಂದಲೇ ಉಷ್ಣತೆ ಒಂದೆರಡು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಸುರಿಯುವುದು ಬೇಡ.

ಸಾಕಣೆಗೆ ಉಷ್ಣತೆ ಸ್ಥಿರವಾಗಿರಬೇಕು, ಮರಿ ಮಾಡಿಸಲು ಅದನ್ನು ಬೇಕೆಂದೇ ಇಳಿಸಬೇಕು. ತವರಿನಲ್ಲಿ ಮಳೆಗಾಲದ ತಣ್ಣನೆಯ ಹೊಸನೀರು ಬಂದಾಗ ಈ ಮೀನುಗಳು ಮೊಟ್ಟೆಯಿಡುತ್ತವೆ. ಮುಂಗಾರಿನ ಮೊದಲ ಹೊಳೆನೀರಿಗೆ ನಮ್ಮ ಮೀನುಗಳು ಹತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹೆಣ್ಣಿಗೆ ಎರಡು ಗಂಡಿನಂತೆ ಬಿಡಿ. ಮೇಲಿನಿಂದ ನೋಡಿದಾಗ ಹೊಟ್ಟೆ ಅಗಲವಾಗಿ ಕಾಣುವುದೇ ಹೆಣ್ಣು. ಒಂದೆರಡು ವಾರ ಕೊಚ್ಚಿದ ಎರೆಹುಳುವಿನಂಥ ಪುಷ್ಟಿಕರ ಆಹಾರ ಕೊಟ್ಟ ಮೇಲೆ ತೊಟ್ಟಿಯ ಮೂರನೆಯ ಒಂದರಿಂದ ಅರ್ಧ ಭಾಗದಷ್ಟು ನೀರು ತೆಗೆದು, 3ರಿಂದ 5 ಡಿಗ್ರಿ ತಣ್ಣಗಿರುವ ನೀರನ್ನು ನಿಧಾನವಾಗಿ ತುಂಬಿ. ಕೊಳವೆಬಾವಿಯ ನೀರಾದರೆ ಹಿಂದಿನ ದಿನವೇ ಹಿಡಿದಿಟ್ಟು ಗಾಳಿಯಾಡಿಸಿ, ಏಕೆಂದರೆ ಅದರಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಿರಬೇಕು. ಮರುದಿನವೇ ಮೊಟ್ಟೆ ಕಂಡರೆ ಆಶ್ಚರ್ಯವಿಲ್ಲ. ಕಾಣದಿದ್ದರೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ಮೀನು ಬಲಿತಿಲ್ಲದಿದ್ದರೆ ಎಷ್ಟು ತಣ್ಣೀರು ಸುರಿದರೂ ಉಪಯೋಗವಿಲ್ಲ.

ಗಾಜಿಗೂ ಎಲೆಗೂ ಅಂಟಿದ ಮೊಟ್ಟೆಗಳನ್ನು ತಾಯಿ ತಂದೆಗಳೇ ತಿನ್ನುವುದರಿಂದ ಅವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಅದೇ ನೀರು ತುಂಬಿದ ಬೇರೆ ಪಾತ್ರೆಗೆ ಹಾಕಿ ಗಾಳಿಯಾಡಿಸಿ. ಬೆಳ್ಳಗಾದವನ್ನು ಆಗಾಗ ತೆಗೆಯದಿದ್ದರೆ ಬೂಷ್ಟು ಉಳಿದವಕ್ಕೂ ಹರಡುತ್ತದೆ. ಈನಿಯಸ್‌ನ ಮೊಟ್ಟೆ 24-25 ಡಿಗ್ರಿಯಲ್ಲಿ 3ರಿಂದ 5 ದಿನಗಳಲ್ಲಿ ಒಡೆಯುತ್ತದೆ, ನೀರು ತಣ್ಣಗಿದ್ದರೆ ಇನ್ನೂ ತಡ. ಬೇಗ ಒಡೆಯಲೆಂದು ಹೀಟರ್ ಏರಿಸಬೇಡಿ. ಮರಿಗಳು ಮೊದಲ ಎರಡು ಮೂರು ದಿನ ಹೊಟ್ಟೆಯ ಭಂಡಾರದಿಂದಲೇ ಬದುಕುತ್ತವೆ. ಆಮೇಲೆ ಆಗತಾನೆ ಒಡೆದ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಎರಡು ಮೂರು ಸಲ ಕೊಡಬೇಕು. ಮರಿಗಳ ತೊಟ್ಟಿಗೆ ಬದಲಿಸುವ ನೀರು ಮಾತ್ರ ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ.