ಎಕ್ಕ ಹುಟ್ಟಲಿ, ಚಿಟ್ಟೆ ಬರಲಿ

ಅಜ್ಜಿಗೆ ಸಿಟ್ಟು ಬಂದಾಗ ‘ಎಕ್ಕುಟ್ಟೋಗ!’ ಎಂದದ್ದನ್ನು ನೀವು ಕೇಳಿರಬಹುದು. ಅರ್ಥ ಗೊತ್ತೆ? ಹಾಳುಬಿದ್ದ ಮನೆಯಲ್ಲಿ ಎಕ್ಕದ ಗಿಡ ಹುಟ್ಟುತ್ತದೆ. ಎಕ್ಕ ಹುಟ್ಟಿ ಹೋಗಲಿ ಎಂಬ ಶಾಪ ಅದು. ನಮ್ಮ ವೆಸ್ಟ್ ಮಾಂಬಲಂನಲ್ಲಿ ಹಳೆಯ ಮನೆ ಕೆಡವಿ ಫ್ಲ್ಯಾಟ್ ಏಳುವುದರೊಳಗೆ ಖಾಲಿ ಸೈಟಿನಲ್ಲಿ ತಲೆಯೆತ್ತುವುದೂ ಇದೇ. ನಿಮ್ಮ ತಮಿಳು ಗೆಳೆಯರು ‘ಎರುಕ್ಕು’ ಎನ್ನುತ್ತಾರೆ. ಗಣೇಶನ ಹಬ್ಬಕ್ಕೆ ಇದರ ಹೂವಿನ ಮಾಲೆ ಬೇಕು. ರಥಸಪ್ತಮಿಯಂದು ಏಳು ಎಲೆ ಮೈಮೇಲಿಟ್ಟು ನೀರು ಹುಯ್ಯುವಾಗ ನೀವೂ ಗೊಣಗಿರುತ್ತೀರಿ! ಸಂಸ್ಕೃತದಲ್ಲಿ ಇದು ಅರ್ಕ, ಅಂದರೆ ಸೂರ್ಯ.

ಆದರೆ ಗಿಡದ ನಿಜವಾದ ವಾರಸುದಾರ ಒಂದು ಚಿಟ್ಟೆ. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಅಂಚಿನಲ್ಲಿ ಬಿಳಿ ಚುಕ್ಕೆ. ಹೆಸರು ಪ್ಲೇನ್ ಟೈಗರ್. ಎಲೆಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಮೊದಲು ಎಲೆಯ ನರ ಕಡಿದು ಹಾಲು ಸೋರಿಸಿ, ಆಮೇಲೆ ಊಟಕ್ಕೆ ಕೂರುತ್ತದೆ. ಎಕ್ಕದ ವಿಷ ಅದರ ಮೈಯಲ್ಲೇ ಉಳಿಯುವುದರಿಂದ ಒಮ್ಮೆ ತಿಂದು ಕಕ್ಕಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗದು. ಅಮೆರಿಕದಲ್ಲಿರುವ ನಿಮ್ಮ ಕಸಿನ್‌ಗಳು ಹಿತ್ತಲಿನಲ್ಲಿ ನೋಡುವ ಮೊನಾರ್ಕ್ ಇದರ ದಾಯಾದಿ.

ಬೆಳೆಸುವುದು ಸುಲಭ. ಗೇಣುದ್ದದ ಕಡ್ಡಿ ಕತ್ತರಿಸಿ, ಹಾಲು ಒಣಗಲು ಒಂದು ದಿನ ನೆರಳಿನಲ್ಲಿಟ್ಟು, ಮರಳು ಬೆರೆಸಿದ ಮಣ್ಣಿನ ದೊಡ್ಡ ಕುಂಡದಲ್ಲಿ ನೆಡಿ. ಮಾಳಿಗೆಯ ಸುಡು ಬಿಸಿಲೇ ಅದಕ್ಕೆ ಇಷ್ಟ. ಬೇರು ಹಿಡಿದ ಮೇಲೆ ನೀರು ಕೇಳುವುದೂ ಅಪರೂಪ, ಗೊಬ್ಬರದ ಗೊಡವೆಯಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನ ಮಳೆಯಲ್ಲಿ ಮಾತ್ರ ಬುಡದಲ್ಲಿ ನೀರು ನಿಲ್ಲಬಾರದು. ಮಾಂಬಲಂನವರಿಗೆ ಅದನ್ನು ಹೇಳಿಕೊಡಬೇಕೆ? ಎಲೆ ತೂತಾಯಿತೆಂದು ಔಷಧಿ ಹೊಡೆದಿರೋ, ಚಿಟ್ಟೆಯ ಆಸೆ ಬಿಡಿ. ಎಲೆ ಮತ್ತೆ ಚಿಗುರುತ್ತದೆ.

ಹಾಲು ಕಣ್ಣಿಗೆ ತಾಗಬಾರದು, ಇದು ತಮಾಷೆಯ ಮಾತಲ್ಲ. ಮಹಾಭಾರತದ ಉಪಮನ್ಯು ಹಸಿವು ತಾಳದೆ ಎಕ್ಕದ ಎಲೆ ತಿಂದು ಕುರುಡನಾಗಿ ಬಾವಿಗೆ ಬಿದ್ದ. ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಪುಟ್ಟ ಮಕ್ಕಳಿಂದ ಕುಂಡ ದೂರವಿರಲಿ.

‘ಮನೆಯಲ್ಲಿ ಎಕ್ಕವೇ?’ ಎಂದು ಅಜ್ಜಿ ಹುಬ್ಬೇರಿಸಿದರೆ ಬಿಳಿ ಎಕ್ಕ ತನ್ನಿ. ಗಣಪತಿಯ ಹೆಸರು ಹೇಳಿದರೆ ಅರ್ಧ ಒಪ್ಪುತ್ತಾರೆ. ಮುಂದಿನ ರಥಸಪ್ತಮಿಗೆ ಎಲೆ ಕೀಳುವ ಮುನ್ನ ಅಡಿಭಾಗ ತಿರುವಿ ನೋಡಿ. ಸಾಸಿವೆಗಿಂತ ಚಿಕ್ಕ ಮೊಟ್ಟೆ ಕಂಡರೆ ಪಕ್ಕದ ಎಲೆ ಕಿತ್ತುಕೊಳ್ಳಿ.